ನಾನೇ ಬಂದರೂ ಬಿಡಬೇಡಿ

ದಕ್ಷಿಣಾಮೂರ್ತಿಗಳ ತಾಪತ್ರಯಕ್ಕೆಲ್ಲ ಮೂಲ ಸೋಮವಾರ ಸಂಜೆ ಅವರ ಕೃಷಿ ಕಾರ್ಯಕ್ರಮದ ಕೊನೆಯಲ್ಲಿ ಉಳಿದುಹೋದ ಅರ್ಧ ನಿಮಿಷ.

ರೇಡಿಯೋದವರಿಗೆ ಮೌನವೆಂದರೆ ಮದುವೆ ಮನೆಯಲ್ಲಿ ಅನ್ನ ಕಡಿಮೆ ಬಿದ್ದ ಹಾಗೆ. ಏನಾದರೂ ಮಾಡಿ ತುಂಬಿಸಲೇಬೇಕು. ಆ ದಿನದ ವಿಷಯ ರೇಷ್ಮೆ ಹುಳುವಿಗೆ ತಗಲುವ ರೋಗ. ಇಲಾಖೆಯ ಕರಪತ್ರವನ್ನು ಮೂರ್ತಿಗಳು ನಿಧಾನವಾಗಿ, ಎರಡೆರಡು ಸಲ ಓದಿದರೂ ಗಡಿಯಾರದಲ್ಲಿ ಅರ್ಧ ನಿಮಿಷ ಮಿಕ್ಕಿತು. ಆಗ ಅವರಿಗೆ ಸ್ಫೂರ್ತಿ ಬಂತು. ಸರಕಾರಿ ಕರಪತ್ರ ಓದುವವರಿಗೆ ಬರಬಾರದ್ದೆಂದರೆ ಅದೊಂದೇ.

"ರೈತ ಬಾಂಧವರೇ," ಎಂದರು, ಗಂಟಲು ಸರಿಮಾಡಿಕೊಂಡು. "ಹುಳುಮನೆಯೊಳಕ್ಕೆ ಹೊರಗಿನವರನ್ನು ಬಿಡಬೇಡಿ. ಸೋಂಕು ಬರುವುದೇ ಹೊರಗಿನವರ ಕಾಲಿನಿಂದ. ನೆಂಟರು ಬಂದರೂ ಬಿಡಬೇಡಿ, ಅಧಿಕಾರಿಗಳು ಬಂದರೂ ಬಿಡಬೇಡಿ. ಅಷ್ಟೇ ಏಕೆ, ನಾಳೆ ಈ ದಕ್ಷಿಣಾಮೂರ್ತಿ, ಅಂದರೆ ನಾನೇ ಬಂದು ಕೈಮುಗಿದು ಬೇಡಿಕೊಂಡರೂ ಬಿಡಬೇಡಿ!"

ಅಲ್ಲಿಗೆ ಸರಿಯಾಗಿ ಸಮಯ ಮುಗಿಯಿತು. ಮೂರ್ತಿಗಳಿಗೆ ತಮ್ಮ ಮಾತಿನ ಬಗ್ಗೆ ತಮಗೇ ಹೆಮ್ಮೆಯಾಯಿತು. ಮನೆಗೆ ಹೋಗಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ವೆಂಕಟಲಕ್ಷ್ಮಮ್ಮನವರ ಮುಂದೆ ಮತ್ತೊಮ್ಮೆ ಹೇಳಿ ತೋರಿಸಿದರು. "ಕೈಮುಗಿಯೋದು ಯಾಕೆ ಬೇಕಿತ್ತು?" ಎಂದಷ್ಟೇ ಆಕೆ ಕೇಳಿದರು.

ಮೂರ್ತಿಗಳು ರೇಡಿಯೋ ಸೇರಿ ಕಾಲು ಶತಮಾನ ದಾಟಿತ್ತು. ಚಿಕ್ಕಬಳ್ಳಾಪುರದ ಒಂದು ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದು ಟ್ರಸ್ಟಿನವರು ನಡೆಸುವ ಮೊಳಕೆ ಬಾನುಲಿ ಎಂಬ ಪುಟ್ಟ ಕೇಂದ್ರ ಅದು. ಮೊದಲು ತರಕಾರಿ ಧಾರಣೆ ಓದಲು ಬಂದವರು ಬರಬರುತ್ತ 'ಮಣ್ಣಿನ ಮಾತು' ಕಾರ್ಯಕ್ರಮಕ್ಕೆ ಒಡೆಯರಾದರು. ಗೌರಿಬಿದನೂರಿನ ಜೋಳದ ಹುಳುವಿಗೆ, ಚಿಂತಾಮಣಿಯ ಟೊಮೆಟೊ ಎಲೆಮುಟುರು ರೋಗಕ್ಕೆ, ಮುದ್ದೇನಹಳ್ಳಿಯ ದ್ರಾಕ್ಷಿಯ ಬೂದಿರೋಗಕ್ಕೆ ಅವರು ಮದ್ದು ಹೇಳದೇ ಇದ್ದ ವಾರವಿಲ್ಲ. ಹೇಳಿದ್ದೆಲ್ಲ ತಂಪು ಕೋಣೆಯಲ್ಲಿ ಕೂತು. ಮೇಷ್ಟರ ಮಗ, ಗುದ್ದಲಿ ಹಿಡಿದವರಲ್ಲ. ಮನೆಯ ಮುಂದಿನ ಕುಂಡದ ಕರಿಬೇವು ಅವರ ಆರೈಕೆ ತಾಳಲಾರದೆ ಎರಡು ಸಲ ಸತ್ತಿತ್ತು. ಆದರೆ ದನಿ ಮಾತ್ರ ದೇವರು ಕೊಟ್ಟದ್ದು. ತುಪ್ಪ ಹಚ್ಚಿದ ಮುದ್ದೆಯ ಹಾಗೆ ಸಲೀಸಾಗಿ ಒಳಕ್ಕಿಳಿಯುತ್ತಿತ್ತು. ಕೆಲಸ ವರ್ಷವರ್ಷದ ಗುತ್ತಿಗೆಯದಾದರೂ ಆ ದನಿಯ ದೆಸೆಯಿಂದ ಯಾರೂ ಅವರನ್ನು ಅಲುಗಿಸಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಕೇಂದ್ರದ ಹೊಸ ಮುಖ್ಯಸ್ಥೆ ಶಾಂಭವಿ ಮೂರ್ತಿಗಳನ್ನು ಕರೆಸಿದಳು. ವಯಸ್ಸಿನಲ್ಲಿ ಮಗಳಂಥವಳು, ಮಾತಿನಲ್ಲಿ ಅತ್ತೆಯಂಥವಳು.

"ಸಾರ್, ನಿಮ್ಮ ಪ್ರೋಗ್ರಾಂನಲ್ಲಿ ನಿಮ್ಮ ವಾಯ್ಸ್ ಬಿಟ್ರೆ ಇನ್ನೇನೂ ಇಲ್ಲ. ಒಂದು ಹಕ್ಕಿ ಇಲ್ಲ, ಒಂದು ದನ ಇಲ್ಲ. ಕೃಷಿ ಅಂದ್ಮೇಲೆ ಹೊಲದ ಸೌಂಡ್ ಬೇಡ್ವಾ?"

"ದನಾನ ಸ್ಟುಡಿಯೋಗೆ ಹತ್ತಿಸೋದು ಹೇಗಮ್ಮ? ಮೆಟ್ಟಿಲು ಇಕ್ಕಟ್ಟು."

"ತಮಾಷೆ ಅಲ್ಲ ಸಾರ್. ಇವತ್ತು ಸಂಜೆ ಟ್ರಸ್ಟ್ ಮೀಟಿಂಗ್. ನಿಮ್ಮ ಅರ್ಧ ಗಂಟೇನ ತೆಗೆದು ಸಿನಿಮಾ ಹಾಡು ಹಾಕೋಣ ಅಂತಿದಾರೆ. ನಾನು ಒಂದು ಚಾನ್ಸ್ ಕೇಳಿದೀನಿ. ರೇಷ್ಮೆ ಹುಳು ಸೊಪ್ಪು ತಿನ್ನೋವಾಗ ಮಳೆ ಸುರಿದ ಹಾಗೆ ಸದ್ದು ಬರುತ್ತೆ ಅಂತ ನೀವೇ ನೂರು ಸಲ ಹೇಳಿದೀರಲ್ಲ, ಅದನ್ನ ರೆಕಾರ್ಡ್ ಮಾಡ್ಕೊಂಡು ಬನ್ನಿ. ಅದನ್ನ ಕೇಳಿಸಿದ್ರೆ ಒಪ್ಕೋತಾರೆ. ಇಲ್ಲದಿದ್ರೆ ನನ್ನ ಕೈಯಲ್ಲೂ ಏನೂ ಇಲ್ಲ."

ನೂರು ಸಲ ಹೇಳಿದ್ದು ನಿಜ. ಒಂದು ಸಲವೂ ಕೇಳಿರಲಿಲ್ಲ ಎಂಬುದೂ ಅಷ್ಟೇ ನಿಜ. ಆ ಅರ್ಧ ಗಂಟೆ ಹೋದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ರೇಡಿಯೋ ಮೂರ್ತಿಗಳೆಂಬ ಹೆಸರೂ ಹೋಗುತ್ತದೆ. ಆಮೇಲೆ ಉಳಿಯುವುದು ಬರೀ ವೆಂಕಟಲಕ್ಷ್ಮಮ್ಮನವರ ಗಂಡ. ಮೂರ್ತಿಗಳು ರೆಕಾರ್ಡರನ್ನು ಹೆಗಲಿಗೇರಿಸಿ ಶಿಡ್ಲಘಟ್ಟದ ಬಸ್ಸು ಹತ್ತಿದರು.

ಎಲ್ಲಿಗೆ ಹೋಗಬೇಕೆಂದು ಅವರಿಗೆ ಗೊತ್ತಿತ್ತು. ಶಿಡ್ಲಘಟ್ಟದಿಂದ ಆಟೋದಲ್ಲಿ ಹೋದರೆ ಬಚ್ಚನದಿನ್ನೆ. ಅಲ್ಲಿನ ಗಂಗುಲಮ್ಮ ಮೂರ್ತಿಗಳ ಕಾರ್ಯಕ್ರಮದ ಪರಮ ಭಕ್ತೆ. ಪ್ರತಿ ವಾರ ಮಗ ಮುನಿಗಂಗಪ್ಪನಿಂದ ಫೋನು ಹಾಕಿಸಿ ಹುಳುವಿನ ಕ್ಷೇಮಸಮಾಚಾರ ತಿಳಿಸುತ್ತಿದ್ದಳು. ಹುಳು ಪೊರೆ ಕಳಚುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ಬಕಾಸುರನಂತೆ ತಿನ್ನುತ್ತದೆ. ಗಂಗುಲಮ್ಮನ ಹುಳುಗಳು ಆ ಜ್ವರ ಎದ್ದಿವೆಯೆಂದು ಮೊನ್ನೆಯೇ ಫೋನು ಬಂದಿತ್ತು.

ಮನೆಯ ಪಕ್ಕದಲ್ಲೇ ಉದ್ದನೆಯ ಹುಳುಮನೆ. ಅದರ ಬಾಗಿಲಿಗೆ ಅಡ್ಡವಾಗಿ ಗಂಗುಲಮ್ಮ ಕೂತು ಹಿಪ್ಪುನೇರಳೆ ಸೊಪ್ಪು ಆಯುತ್ತಿದ್ದಳು. ಮೂರ್ತಿಗಳು ಗಂಟಲು ಸರಿಮಾಡಿಕೊಂಡು, "ನಮಸ್ಕಾರ" ಎಂದರು. ಅಷ್ಟೇ ಸಾಕಾಯಿತು. ಮುದುಕಿ ಸೊಪ್ಪು ಚೆಲ್ಲಿ ಎದ್ದಳು.

"ಅಯ್ಯೋ ದೇವುಡಾ! ಮೂರ್ತಿಗಳು! ಮುನಿಗಂಗಾ, ಬಾರೋ ಇಲ್ಲಿ, ರೇಡಿಯೋ ನಮ್ಮನೆ ಬಾಗ್ಲಿಗೆ ಬಂದೈತೆ! ಇಷ್ಟು ಸಣ್ಣಕ್ಕಿದ್ದೀರಲ್ಲ ಸಾಮಿ, ದನಿ ಕೇಳಿ ಆಳು ಎತ್ತರಕ್ಕಿರಬೇಕು ಅಂದ್ಕೊಂಡಿದ್ದೆ."

ಕಾಫಿ ಬಂತು, ಕೋಡುಬಳೆ ಬಂತು, ಸೊಸೆ ಬಂದು ನಮಸ್ಕಾರ ಮಾಡಿ ಹೋದಳು. ಮೂರ್ತಿಗಳಿಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಬಂದ ಕೆಲಸ ತಿಳಿಸಿ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು. ಗಂಗುಲಮ್ಮ ಎರಡು ಕೈಯನ್ನೂ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಅದೊಂದಾಗಲ್ಲ ಸಾಮಿ."

"ಯಾಕಮ್ಮ?"

"ನೀವೇ ನಿನ್ನೆ ಹೇಳಿದ್ರಲ್ಲ, ಯಾರನ್ನೂ ಬಿಡ್ಬೇಡಿ ಅಂತ."

"ಅದು ಹೊರಗಿನವರಿಗೆ ಹೇಳಿದ್ದು. ನಾನು ನಾನಲ್ವೇ?"

"ಅದೇ ತೊಂದ್ರೆ ಆಗಿರೋದು. ಬೇರೆ ಯಾರಾದ್ರೂ ಆಗಿದ್ರೆ ಯೋಚ್ನೆ ಮಾಡ್ಬಹುದಿತ್ತು. ನಾನೇ ಬಂದ್ರೂ ಬಿಡ್ಬೇಡಿ ಅಂತ ಹೆಸ್ರು ಹಿಡಿದು ಹೇಳಿದೀರ. ನೀವು ನೀವೇ ಅಂದ್ಮೇಲೆ ಹೆಂಗೆ ಬಿಡೋದು?"

"ಅಮ್ಮ, ಅದು ಮಾತಿಗೆ ಹೇಳಿದ್ದು. ಕೈಮುಗಿದು ಕೇಳ್ಕೋತೀನಿ..."

"ನೋಡಿದ್ಯೇನೋ ಮುನಿಗಂಗಾ!" ಗಂಗುಲಮ್ಮನ ಕಣ್ಣು ಅರಳಿತು. "ಕೈಮುಗೀತೀನಿ ಅಂತಾನೂ ಹೇಳಿದ್ರು, ಹಂಗೇ ಮುಗೀತಾವ್ರೆ! ಹೇಳಿದ್ದು ಒಂದಕ್ಷರ ತಪ್ಪಲ್ಲ ಕಣೋ ಇವರು."

ಮೂರ್ತಿಗಳು ಮುಗಿದ ಕೈಯನ್ನು ಮೆಲ್ಲಗೆ ಇಳಿಸಿಕೊಂಡರು. ವಾದ ಮಾಡಿ ಗೆಲ್ಲಬಹುದಿತ್ತು, ಎದುರಿಗೆ ಬೇರೆ ಯಾರಾದರೂ ಇದ್ದಿದ್ದರೆ. ಇಲ್ಲಿ ಎದುರಾಳಿ ಅವರೇ. ಸೋಮವಾರದ ಮೂರ್ತಿಗಳ ಮುಂದೆ ಮಂಗಳವಾರದ ಮೂರ್ತಿಗಳ ಆಟ ನಡೆಯಲಿಲ್ಲ.

ಊರಿನ ಆಚೆ ತುದಿಯಲ್ಲಿ ಮುನಿವೆಂಕಟಪ್ಪ ಎಂಬುವವನ ಹುಳುಮನೆಯಿತ್ತು. ದಾರಿಯಲ್ಲಿ ಮೂರ್ತಿಗಳಿಗೆ ಒಂದು ಉಪಾಯ ಹೊಳೆಯಿತು. ತಮ್ಮನ್ನು ಹಿಡಿದುಕೊಡುತ್ತಿರುವುದು ದನಿ. ಮುಖ ಯಾರಿಗೂ ಗೊತ್ತಿಲ್ಲ. ಬಾಯಿ ಬಿಡದೇ ಇದ್ದರಾಯಿತು! ಟವೆಲನ್ನು ತಲೆಗೆ ಸುತ್ತಿ, ರೆಕಾರ್ಡರನ್ನು ಅಂಗಿಯೊಳಗೆ ಅಡಗಿಸಿ, ಮುನಿವೆಂಕಟಪ್ಪನ ಮುಂದೆ ನಿಂತು ಕೈಬಾಯಿ ಸನ್ನೆ ಮಾಡಿದರು. ಹುಳುವನ್ನು ತೋರಿಸಲು ಬೆರಳನ್ನು ಕೊಂಕಿಸಿದರು, ಸೊಪ್ಪನ್ನು ತೋರಿಸಲು ದವಡೆ ಆಡಿಸಿದರು.

"ಪಾಪ, ಮೂಗ," ಎಂದ ಮುನಿವೆಂಕಟಪ್ಪ ಹೆಂಡತಿಗೆ. "ಹೊಟ್ಟೆ ಹಸಿದೈತೆ ಅಂತ ಕಾಣ್ಸುತ್ತೆ. ಒಂದು ಮುದ್ದೆ ಹಾಕು."

ಮುದ್ದೆ ನುಂಗಿಯೇ ಮೂರ್ತಿಗಳು ಮುಂದಿನ ಸನ್ನೆಗೆ ಇಳಿಯಬೇಕಾಯಿತು. ಕೊನೆಗೂ ಅವನಿಗೆ ಅರ್ಥವಾಯಿತು. "ಹುಳ ನೋಡ್ಬೇಕಾ? ಮೂರ್ತಿಗಳು ಯಾರನ್ನೂ ಬಿಡ್ಬೇಡಿ ಅಂದವ್ರೆ. ಆದ್ರೂ ಮಾತು ಬರ್ದಿರೋನು, ಬಾಗ್ಲಲ್ಲಿ ನಿಂತು ನೋಡ್ಕೊಂಡು ಹೋಗ್ಲಿ ಬಿಡು. ಚಪ್ಲಿ ಬಿಟ್ಬುಟ್ಟು ಬಾಪ್ಪ."

ಬಾಗಿಲ ಮುಂದೆ ಇರುವೆ ಬರದಂತೆ ಸುಣ್ಣದ ಗೆರೆ ಎಳೆದಿತ್ತು. ಗೆರೆ ದಾಟಲಾರದ ಕಟ್ಟಿರುವೆಗಳೆಲ್ಲ ಈಚೆಗೆ ಸೇರಿ ಮುಂದೇನೆಂದು ಯೋಚಿಸುತ್ತಿದ್ದವು. ಬರಿಗಾಲಿನ ಮೂರ್ತಿಗಳು ನಿಂತದ್ದು ಸರಿಯಾಗಿ ಅವುಗಳ ಸಭೆಯ ಮೇಲೆ. ಒಳಗಿನಿಂದ ಎಂಥದೋ ಸದ್ದು ತೇಲಿ ಬಂತು. ಅವರು ರೆಕಾರ್ಡರಿಗೆ ಕೈ ಹಾಕಿದರು. ಅದೇ ಹೊತ್ತಿಗೆ ಹೆಬ್ಬೆರಳಿನ ಸಂದಿಗೆ ಒಂದು ಕಟ್ಟಿರುವೆ ಬಾಯಿ ಹಾಕಿತು.

"ಅಯ್ಯಯ್ಯೋ, ರೈತ ಬಾಂಧವರೇ!" ಎಂದು ಮೂರ್ತಿಗಳು ಕಿರುಚಿದರು.

ಬೇರೆಯವರಿಗೆ ನೋವಾದರೆ ಅಮ್ಮ ಎನ್ನುತ್ತಾರೆ. ಕಾಲು ಶತಮಾನದ ಅಭ್ಯಾಸ ಅವರ ಬಾಯಲ್ಲಿ ಇದನ್ನು ಹೊರಡಿಸಿತು. ಮುನಿವೆಂಕಟಪ್ಪ ಬಾಗಿಲನ್ನು ದಡಾರನೆ ಎಳೆದುಕೊಂಡ. "ಮೂಗ ಅಂದ್ಕೊಂಡು ಮುದ್ದೆ ಹಾಕಿದ್ರೆ ಮೂರ್ತಿಗಳಾ! ಇನ್ನೊಂದು ಗಳಿಗೆ ಆಗಿದ್ರೆ ನಿಮ್ಮ ಮಾತು ಮೀರಿಬಿಡ್ತಿದ್ದೆ. ಇರುವೆ ಕಾಪಾಡ್ತು ನನ್ನ!"

ಈ ಗಲಾಟೆಗೆ ಜನ ಸೇರಿತು. ಜನದ ಮುಂದುಗಡೆ ಆವುಲಪ್ಪ. ಅವನು ಟೀ ಅಂಗಡಿಯವನು. ಟೀಗಿಂತ ಹೆಚ್ಚಾಗಿ ಅಭಿಪ್ರಾಯ ಹಂಚುತ್ತಿದ್ದ. ಊರಲ್ಲಿ ನಾಯಿ ಬೊಗಳಿದರೂ ಅದರ ಒಳಗುಟ್ಟನ್ನು ಬಿಡಿಸಿ ಹೇಳುವವನು ಅವನೇ. ಟವೆಲ್ ಸುತ್ತಿದ ಮೂರ್ತಿಗಳನ್ನು ಮೇಲಿಂದ ಕೆಳಗೆ ನೋಡಿ ತಲೆದೂಗಿದ.

"ಅರ್ಥ ಆಯ್ತು ಬಿಡಿ. ನಿನ್ನೆ ಸಂಜೆ ಬಿಡ್ಬೇಡಿ ಅಂತಾರೆ, ಇವತ್ತು ಬೆಳಿಗ್ಗೆ ಬಿಡಿ ಅಂತ ಬರ್ತಾರೆ. ಅದೂ ವೇಷ ಹಾಕ್ಕೊಂಡು. ಇದು ಪರೀಕ್ಷೆ ಕಣ್ರಪ್ಪ! ಯಾವ ಊರಿನೋರು ರೇಡಿಯೋ ಮಾತು ಉಳಿಸ್ಕೋತಾರೆ ಅಂತ ನೋಡಕ್ಕೆ ಬಂದವ್ರೆ. ಗೆದ್ದೋರಿಗೆ ಪ್ರೈಜು ಇರ್ತದೆ."

"ಪರೀಕ್ಷೇನೂ ಇಲ್ಲ, ಪ್ರೈಜೂ ಇಲ್ಲ," ಎಂದು ಮೂರ್ತಿಗಳು ಕಾಲು ಕೆರೆದುಕೊಳ್ಳುತ್ತ ಹೇಳಿದರು.

"ನೋಡಿದ್ರಾ? ಪರೀಕ್ಷೆ ಮಾಡೋರು ಹೀಗೇ ಹೇಳೋದು," ಎಂದ ಆವುಲಪ್ಪ.

ಅಲ್ಲಿಂದ ಮುಂದೆ ಮೂರ್ತಿಗಳ ಕೈಯಲ್ಲಿ ಏನೂ ಉಳಿಯಲಿಲ್ಲ. ಬಚ್ಚನದಿನ್ನೆಯ ಪ್ರತಿಯೊಂದು ಹುಳುಮನೆಯವರಿಗೂ ತಾವು ಬಿಡುವುದಿಲ್ಲವೆಂದು ತೋರಿಸುವ ಉಮೇದು ಬಂದುಬಿಟ್ಟಿತು. ಮೂರ್ತಿಗಳನ್ನು ಬಾಗಿಲಿಂದ ಬಾಗಿಲಿಗೆ ಉತ್ಸವಮೂರ್ತಿಯ ಹಾಗೆ ಕರೆದೊಯ್ದರು. ಪ್ರತಿ ಬಾಗಿಲಲ್ಲೂ ಅವರು ಒಳಗೆ ಬಿಡಿ ಎಂದು ಕೇಳಬೇಕು, ಮನೆಯವರು ಎದೆಯುಬ್ಬಿಸಿ ಇಲ್ಲ ಎನ್ನಬೇಕು, ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿ ಕಾಫಿ ಕುಡಿಯಬೇಕು.

ಒಂದು ಮನೆಯಲ್ಲಿ ಬೇಸತ್ತು ಕೇಳದೆಯೇ ಮುಂದಕ್ಕೆ ನಡೆದರು. ಅಮ್ಮಾಜಮ್ಮ ಎಂಬಾಕೆ ಓಡಿಬಂದು ಅಡ್ಡಗಟ್ಟಿದಳು. "ಯಾಕ್ ಸಾಮಿ, ನಮ್ಮನೆ ಅಂದ್ರೆ ತಾತ್ಸಾರಾನಾ? ಎಲ್ಲರ ಮನೇಲೂ ಕೇಳಿದ್ರಿ. ನಮ್ಮನ್ನೂ ಒಂದ್ಸಲ ಕೇಳಿ, ಇಲ್ಲ ಅಂತೀನಿ."

"ಒಳಗೆ ಬಿಡಮ್ಮ."

"ಸಾಯ್ತೀನೇ ಹೊರ್ತು ಬಿಡಲ್ಲ!" ಎಂದು ಅಮ್ಮಾಜಮ್ಮ ಆನಂದದಿಂದ ಕೂಗಿದಳು.

ಪ್ರತಿ ಮನೆಯವರೂ ಪ್ರೈಜಿಗೆ ತಮ್ಮ ಹೆಸರು ಸೇರಲೆಂದು ಅಲ್ಲಿಂದಲೇ ಮೊಬೈಲಿನಲ್ಲಿ ರೇಡಿಯೋ ಕೇಂದ್ರಕ್ಕೆ ಫೋನು ಹಚ್ಚುತ್ತಿದ್ದರು. ಕುಡಿದ ಕಾಫಿಗಳೆಲ್ಲ ಒಟ್ಟಾಗಿ ಹೊಟ್ಟೆಯಲ್ಲಿ ಕೆರೆ ಕಟ್ಟಿದ್ದರಿಂದ ಮೂರ್ತಿಗಳು ಅದನ್ನು ಗಮನಿಸಲಿಲ್ಲ.

ಮೆರವಣಿಗೆ ಸುತ್ತಿಕೊಂಡು ಮತ್ತೆ ಗಂಗುಲಮ್ಮನ ಬಾಗಿಲಿಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಮೂರ್ತಿಗಳ ಮುಖ ನೋಡಿ ಮುದುಕಿಗೆ ಅಯ್ಯೋ ಅನ್ನಿಸಿತು. ಆಗ ಅವರು ಕೊನೆಯ ಬಾಣ ಬಿಟ್ಟರು. "ಅಮ್ಮ, ನಾನು ಬರಲ್ಲ. ಈ ರೆಕಾರ್ಡರ್ ಒಂದನ್ನ ನಿಮ್ಮ ಮಗ ಒಳಗಿಟ್ಟು ಬರಲಿ. ಮಿಷನ್ ಬಿಡಬೇಡಿ ಅಂತ ನಾನು ಹೇಳಿಲ್ಲವಲ್ಲ?"

ಗಂಗುಲಮ್ಮ ಆವುಲಪ್ಪನನ್ನು ನೋಡಿದಳು. ಆವುಲಪ್ಪ ಆಕಾಶ ನೋಡಿ, ಇದರಲ್ಲಿ ತಪ್ಪಿಲ್ಲವೆಂದು ತೀರ್ಪು ಕೊಟ್ಟ. ಮೂರ್ತಿಗಳಿಗೆ ಹೋದ ಜೀವ ಬಂದಂತಾಯಿತು. ಗುಂಡಿ ಒತ್ತಿ, ಕೆಂಪು ದೀಪ ಹತ್ತಿದ್ದನ್ನು ನೋಡಿ, ರೆಕಾರ್ಡರನ್ನು ಗಂಗುಲಮ್ಮನ ಕೈಗಿತ್ತರು. ಗಂಗುಲಮ್ಮ ಅದನ್ನು ಭಕ್ತಿಯಿಂದ ಎರಡು ಕೈಯಲ್ಲಿ ತೆಗೆದುಕೊಂಡು, ಬಾಗಿಲ ಪಕ್ಕ ಔಷಧಿ ನೀರು ತುಂಬಿಟ್ಟಿದ್ದ ಬಕೆಟ್ಟಿನಲ್ಲಿ ಪೂರ್ತಿ ಮುಳುಗಿಸಿದಳು.

"ಅಮ್ಮಾ!"

"ಗಾಬ್ರಿ ಬೇಡಿ ಸಾಮಿ. ಒಳಕ್ಕೆ ಹೋಗೋ ಸಾಮಾನೆಲ್ಲ ಅದ್ದಿ ತೆಗೀಬೇಕು ಅಂತ ನೀವೇ ಹೇಳಿಕೊಟ್ಟಿದ್ದು. ನಾವು ಮರೀತೀವಾ?"

ರೆಕಾರ್ಡರು ಎರಡು ಗುಳ್ಳೆ ಬಿಟ್ಟು ಪ್ರಾಣ ಬಿಟ್ಟಿತು. ಮೂರ್ತಿಗಳು ಅಲ್ಲೇ ಹುಳುಮನೆಯ ಗೋಡೆಗೆ ಒರಗಿ ಕುಸಿದು ಕೂತರು. ಅವರಿಗೆ ನಿಜಕ್ಕೂ ಅಳು ಬಂತು. ಇಷ್ಟು ಜನ ತಮ್ಮ ಮಾತನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದಾರೆ, ಅದಕ್ಕೇ ತಮ್ಮ ಅನ್ನಕ್ಕೆ ಕಲ್ಲು ಬೀಳುತ್ತಿದೆ. ಯಾರನ್ನು ಬೈಯುವುದು?

ತಲೆಯ ಮೇಲೆ ಸೊಳ್ಳೆಪರದೆ ಬಡಿದ ಒಂದು ಕಿಟಕಿಯಿತ್ತು. ಜನ ಒಂದು ಕ್ಷಣ ಮಾತು ನಿಲ್ಲಿಸಿದಾಗ ಅದರೊಳಗಿಂದ ಸದ್ದು ಕೇಳಿಸಿತು. ಸಣ್ಣಗೆ, ಎಡೆಬಿಡದೆ, ಸಾವಿರಾರು ಪುಟ್ಟ ಬಾಯಿಗಳು ಒಟ್ಟಿಗೆ ಎಲೆ ಕತ್ತರಿಸುವ ಸದ್ದು. ಕಣ್ಣು ಮುಚ್ಚಿದರೆ ದೂರದ ರಾಗಿ ಹೊಲದ ಮೇಲೆ ಸೋನೆ ಹಿಡಿದ ಹಾಗೆ. ಮೂರ್ತಿಗಳ ಮೈ ಜುಮ್ಮೆಂದಿತು. ಇಷ್ಟು ವರ್ಷ ಯಾರದೋ ಪುಸ್ತಕದಿಂದ ಓದಿ ಹೇಳಿದ್ದು ನಿಜವಾಗಿತ್ತು. ಪುಸ್ತಕ ಹೇಳಿದ್ದಕ್ಕಿಂತಲೂ ಚೆನ್ನಾಗಿತ್ತು. ಕೆಲಸದ ಚಿಂತೆಯೂ ಕ್ಷಣಕಾಲ ಮರೆತುಹೋಯಿತು.

ಮರುಕ್ಷಣ ನೆನಪಾಗಿ, ಅಂಗಿಯ ಜೇಬಿನಿಂದ ಮೊಬೈಲನ್ನು ಮೆಲ್ಲಗೆ ತೆಗೆದರು. ಗಂಗುಲಮ್ಮನ ಕಣ್ಣಿಗೆ ಬಿದ್ದು ಅದೂ ಬಕೆಟ್ಟಿಗೆ ಹೋಗದಂತೆ ಟವೆಲಿನಲ್ಲಿ ಮರೆಮಾಡಿ, ಕಿಟಕಿಗೆ ಹಿಡಿದು, ಬಾಯಿಯ ಮೇಲೆ ಬೆರಳಿಟ್ಟು ಜನರಿಗೆ ಸನ್ನೆ ಮಾಡಿದರು.

"ಶ್! ಯಾರೂ ಮಾತಾಡ್ಬೇಡಿ!" ಎಂದು ಆವುಲಪ್ಪ ಗುಡುಗಿದ. "ರೆಕಾರ್ಡಿಂಗ್ ಆಯ್ತಾ ಐತೆ! ಏಯ್ ಹಿಂದ್ಗಡೆ, ಯಾರದು ಕೆಮ್ಮೋದು? ಮೂರ್ತಿಗಳು ರೆಕಾರ್ಡಿಂಗ್ ಮಾಡ್ತಾವ್ರೆ ಅಂತ ಗೊತ್ತಾಗಲ್ವಾ? ಮಾತಾಡ್ಬೇಡಿ ಅಂದ್ರೆ ಮಾತಾಡ್ಬೇಡಿ ಅಷ್ಟೇ! ಒಂದೇ ಒಂದು ಮಾತು ಬರಬಾರ್ದು!"

ಮೊಬೈಲಿನ ಬ್ಯಾಟರಿ ಮುಗಿಯುವವರೆಗೂ ಆವುಲಪ್ಪ ಹೀಗೆ ಮೌನ ಕಾಪಾಡಿದ.

ಚಿಕ್ಕಬಳ್ಳಾಪುರಕ್ಕೆ ವಾಪಸಾಗುವ ಬಸ್ಸಿನಲ್ಲಿ ಮೂರ್ತಿಗಳು ಇಂಗು ತಿಂದ ಮಂಗನಂತೆ ಕೂತಿದ್ದರು. ರಾಜೀನಾಮೆಯ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿ, ತೂಗಿ ನೋಡಿ, ಬೀಜದ ಅಂಗಡಿಯ ಪಕ್ಕದ ಇಕ್ಕಟ್ಟು ಮೆಟ್ಟಿಲನ್ನು ಕುಂಟುತ್ತ ಹತ್ತಿದರು.

ಬಾಗಿಲಲ್ಲೇ ಅವರನ್ನು ಶಾಂಭವಿ ಹಿಡಿದಳು. "ಸಾರ್! ಇಷ್ಟೊತ್ತು ಎಲ್ಲಿದ್ರಿ? ನಿಮ್ಮ ಫೋನ್ ಸ್ವಿಚಾಫ್, ನಮ್ಮ ಫೋನಿಗೆ ಮಧ್ಯಾಹ್ನದಿಂದ ಬಿಡುವೇ ಇಲ್ಲ!"

ಒಳಗೆ ಟ್ರಸ್ಟಿನವರೆಲ್ಲ ನಗುಮುಖದಿಂದ ಕೂತಿದ್ದರು. ಅವರ ಅಧ್ಯಕ್ಷರು ರಘುನಂದನ್ ಎಂಬುವವರು. ಪ್ರಿನ್ಸಿಪಾಲರಾಗಿ ನಿವೃತ್ತರಾದವರು, ಸುಮ್ಮನೆ ಹೊಗಳುವ ಆಸಾಮಿಯಲ್ಲ. ಅಂಥವರು ಎದ್ದು ಬಂದು ಕೈ ಕುಲುಕಿದರು.

"ಮೂರ್ತಿಗಳೇ, ಒಂದು ಊರಿಗೆ ಊರೇ ಫೋನ್ ಮಾಡಿದೆ ಕಣ್ರೀ. ಮೂರ್ತಿಗಳೇ ಬಂದ್ರು, ಕೈಮುಗಿದು ಬೇಡಿಕೊಂಡ್ರು, ಆದ್ರೂ ನಾವು ಬಿಡಲಿಲ್ಲ ಅಂತ! ಕಣ್ಣೆದುರಿಗಿರೋ ಮನುಷ್ಯನಿಗಿಂತ ರೇಡಿಯೋದ ಮಾತೇ ಹೆಚ್ಚು ಅಂತ ನಂಬೋ ಕೇಳುಗರು ಬೇರೆ ಯಾವ ಕಾರ್ಯಕ್ರಮಕ್ಕಿದಾರೆ? ಹಾಡು ಗೀಡು ಎಲ್ಲ ಬೇಡ. ನಿಮ್ಮ ಅರ್ಧ ಗಂಟೇನ ಒಂದು ಗಂಟೆ ಮಾಡಿದೀವಿ. ಬೆಳಿಗ್ಗೆಯೂ ಹಾಕ್ತೀವಿ."

ಮೂರ್ತಿಗಳ ಕಣ್ಣು ತುಂಬಿ ಬಂತು. ಗಂಗುಲಮ್ಮನ ಮೇಲೆ, ಅಮ್ಮಾಜಮ್ಮನ ಮೇಲೆ, ಕೊನೆಗೆ ಆ ಕಟ್ಟಿರುವೆಯ ಮೇಲೂ ಪ್ರೀತಿ ಉಕ್ಕಿತು. "ದಿನಕ್ಕೆ ಎರಡು ಸಲ ಅಂದ್ರೆ ನಾನು ಬೆಳಿಗ್ಗೆ ಬೇಗ ಬರಬೇಕಾಗುತ್ತೆ..." ಎಂದರು.

"ನೀವ್ಯಾಕೆ ಬರಬೇಕು ಸಾರ್?" ಎಂದಳು ಶಾಂಭವಿ. "ಜನ ನಂಬೋದು ನಿಮ್ಮನ್ನಲ್ಲ, ನಿಮ್ಮ ವಾಯ್ಸನ್ನ. ಅದು ಇವತ್ತೇ ಪ್ರೂವ್ ಆಯ್ತಲ್ಲ. ಇಷ್ಟು ವರ್ಷದ ನಿಮ್ಮ ಹಳೇ ಪ್ರೋಗ್ರಾಂ ಎಲ್ಲ ಕಂಪ್ಯೂಟರಲ್ಲಿದೆ. ರೋಗ ಅದೇ, ಮದ್ದು ಅದೇ. ಅದನ್ನೇ ಹಾಕ್ತಾ ಹೋಗ್ತೀವಿ."

"ಹಾಗಾದ್ರೆ ನಾನು?"

"ನಿಮ್ಮನ್ನ ಬಿಟ್ಬಿಡ್ತೀವಾ?" ರಘುನಂದನ್ ಬೆನ್ನು ತಟ್ಟಿದರು. "ನಿಮಗೆ ಹೊಸ ಕಾರ್ಯಕ್ರಮ. 'ಹುಳುಮನೆಯ ಒಳಗಿಂದ.' ವಾರಕ್ಕೊಂದು ಊರು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಎಲ್ಲಾ ಸುತ್ತಬೇಕು. ಹುಳುಮನೆಯೊಳಗೇ ಕೂತು ರೆಕಾರ್ಡ್ ಮಾಡ್ಕೊಂಡು ಬರಬೇಕು. ಮುಂದಿನ ವರ್ಷದ ಗುತ್ತಿಗೆ ಅದರ ಮೇಲೇನೇ."

ಮೂರ್ತಿಗಳು ಶಾಂಭವಿಯ ಕಡೆ ತಿರುಗಿದರು. ಕಚ್ಚಿಸಿಕೊಂಡ ಹೆಬ್ಬೆರಳು ಒಮ್ಮೆಗೇ ಚುರುಗುಟ್ಟಿತು. "ಶಾಂಭವಿ, ನಿನ್ನ ದಮ್ಮಯ್ಯ," ಎಂದರು ತಗ್ಗಿದ ದನಿಯಲ್ಲಿ. "ಕಂಪ್ಯೂಟರಲ್ಲಿ ಏನು ಬೇಕಾದ್ರೂ ಇಟ್ಕೋ. ನಿನ್ನೆಯ ಆ ಕೊನೇ ಅರ್ಧ ನಿಮಿಷ ಒಂದನ್ನ ಅಳಿಸಿಬಿಡಮ್ಮ."

"ಅಳಿಸೋದಾ? ಅದೇ ಅಲ್ವಾ ಸಾರ್ ನಮ್ಮ ಹೊಸ ಪ್ರೋಮೋ! ಗಂಟೆಗೊಂದ್ಸಲ ಹಾಕಕ್ಕೆ ಶುರು ಮಾಡಿದೀವಿ."

ಅದು ಯಾಕೆ ಕೂಡದೆಂದು ವಿವರಿಸಲು ಮೂರ್ತಿಗಳು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಗಂಟೆ ಏಳಾಯಿತು. ಗೋಡೆಯ ಮೇಲಿನ ಸ್ಪೀಕರು ಅವರಿಗಿಂತ ಮೊದಲೇ ಅವರ ದನಿಯಲ್ಲಿ ಮಾತಾಡತೊಡಗಿತು, ಕೋಣೆಯಲ್ಲಿದ್ದವರೆಲ್ಲ ಅತ್ತ ತಿರುಗಿ ಭಕ್ತಿಯಿಂದ ಕೇಳತೊಡಗಿದರು.